ಕಾರುಗಳಿಗೆ ಕಡಿವಾಣ, ಮಕ್ಕಳ ಉಸಿರು ಮತ್ತು ಜನರ ಒಪ್ಪಿಗೆ

ಶುದ್ಧವಾದ ಗಾಳಿ ಬೇಡವೆನ್ನುವವರು ಯಾರೂ ಇಲ್ಲ. ನಗರದ ಹೊಗೆಯ ಕುರಿತು ಯಾವ ಸಭೆಯಲ್ಲಿ ಮಾತೆತ್ತಿದರೂ ಎಲ್ಲರೂ ತಲೆದೂಗುತ್ತಾರೆ. ಆದರೆ ಅದೇ ಸಭೆಯಲ್ಲಿ, ನಾಳೆಯಿಂದ ಪೇಟೆಯ ನಡುಭಾಗಕ್ಕೆ ಕಾರು ತರುವಂತಿಲ್ಲ, ತಂದರೆ ಶುಲ್ಕ ತೆರಬೇಕು ಎಂದು ಹೇಳಿದರೆ ಮುಖಗಳು ಗಂಟಿಕ್ಕುತ್ತವೆ. ರೋಗ ವಾಸಿಯಾಗಬೇಕು, ಔಷಧ ಮಾತ್ರ ಕಹಿಯಾಗಿರಬಾರದು ಎಂಬುದು ಮನುಷ್ಯ ಸಹಜವಾದ ಬಯಕೆಯೇ ಸರಿ. ಈ ಇಬ್ಬಂದಿ ಒಂದು ದೇಶದ್ದಲ್ಲ, ಒಂದು ಕಾಲದ್ದೂ ಅಲ್ಲ. ಆದರೂ ಕೆಲವು ನಗರಗಳು ಈ ಕಹಿಯನ್ನು ಕುಡಿದಿವೆ. ಕುಡಿದ ಮೇಲೆ ಅಲ್ಲಿಯ ಜನರ ಮನಸ್ಸು ಬದಲಾಗಿದೆ. ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ಇದಕ್ಕೆ ಬಹು ಚೆನ್ನಾಗಿ ಅಧ್ಯಯನಗೊಂಡ ನಿದರ್ಶನ. ಅಲ್ಲಿ ನಡೆದುದೇನು, ಅದಕ್ಕೂ ಮಕ್ಕಳ ಶ್ವಾಸಕೋಶಕ್ಕೂ ಇರುವ ಸಂಬಂಧವೇನು ಎಂಬುದನ್ನು ಈ ಬಾರಿಯ ಆರೋಗ್ಯ ವಿಭಾಗದಲ್ಲಿ ವಿವರಿಸಬಯಸುತ್ತೇವೆ. ರಸ್ತೆ ಸಂಚಾರದ ಮಾತಿಗೂ ಆರೋಗ್ಯಕ್ಕೂ ಏನು ನಂಟು ಎಂದು ಓದುಗ ಬಂಧುಗಳು ಕೇಳಬಹುದು. ಆದುದರಿಂದ ಮೊದಲು ದೇಹದ ಸಂಗತಿಯನ್ನೇ ಹೇಳುತ್ತೇವೆ.

ಪೆಟ್ರೋಲು ಅಥವಾ ಡೀಸೆಲ್ ಉರಿದಾಗ ವಾಹನದ ಕೊಳವೆಯಿಂದ ಹೊರಬೀಳುವ ಪದಾರ್ಥಗಳು ಹಲವು. ಅವುಗಳಲ್ಲಿ ಆರೋಗ್ಯಕ್ಕೆ ಅತಿ ಹೆಚ್ಚು ಕೇಡುಂಟುಮಾಡುವವು ಎರಡು. ಒಂದು, ಪಿ.ಎಂ. 2.5 ಎಂದು ಕರೆಯಲ್ಪಡುವ ಸೂಕ್ಷ್ಮ ಕಣಗಳು. ಇವುಗಳ ವ್ಯಾಸ 2.5 ಮೈಕ್ರಾನಿಗಿಂತ ಕಡಿಮೆ. ಅಂದರೆ ನಮ್ಮ ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತರಿಂದ ಮೂವತ್ತನೆಯ ಒಂದು ಭಾಗ. ಮೂಗಿನ ರೋಮಗಳು, ಶ್ವಾಸನಾಳದ ಒಳಗೋಡೆಯ ಲೋಳೆ ಮತ್ತು ಆ ಲೋಳೆಯನ್ನು ಮೇಲಕ್ಕೆ ತಳ್ಳುವ ಅತಿ ಸೂಕ್ಷ್ಮವಾದ ಕೂದಲೆಳೆಗಳು ದೊಡ್ಡ ಧೂಳನ್ನು ತಡೆಯಬಲ್ಲವು. ಇಷ್ಟು ಸಣ್ಣ ಕಣಗಳನ್ನು ಅವು ತಡೆಯಲಾರವು. ಕಣಗಳು ನೇರವಾಗಿ ಶ್ವಾಸಕೋಶದ ತುದಿಯಲ್ಲಿರುವ ಗಾಳಿಚೀಲಗಳನ್ನು ಹೊಕ್ಕು ಅಲ್ಲಿ ಉರಿಯೂತವನ್ನುಂಟುಮಾಡುತ್ತವೆ. ಅತ್ಯಂತ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಹೊಗೆಯಿಂದ ಕೆಮ್ಮು ಬರುತ್ತದೆಂದು ಮಾತ್ರ ತಿಳಿದವರಿಗೆ ಹೃದಯಾಘಾತ, ಪಾರ್ಶ್ವವಾಯುಗಳಿಗೂ ಅದೇ ಹೊಗೆ ಕಾರಣವಾಗಬಲ್ಲದೆಂಬುದು ಆಶ್ಚರ್ಯವೆನಿಸುವುದು ಈ ಕಾರಣದಿಂದಲೇ. ಎರಡನೆಯದು, ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ. ಇದು ಶ್ವಾಸನಾಳದ ಒಳಪದರವನ್ನು ಕೆರಳಿಸಿ ಊದಿಸುತ್ತದೆ. ಆಸ್ತಮಾ ಇರುವವರಲ್ಲಿ ಮೊದಲೇ ಕಿರಿದಾದ ದಾರಿ ಇನ್ನಷ್ಟು ಕಿರಿದಾಗುತ್ತದೆ. ಡೀಸೆಲ್ ಹೊಗೆಯನ್ನಂತೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿತು.

ಈ ಬಾಧೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ತಟ್ಟುವುದಿಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ, ಹಸುಗೂಸು 30ಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ಒಳಗೆಳೆದುಕೊಳ್ಳುವ ಗಾಳಿ ದೊಡ್ಡವರಿಗಿಂತ ಹೆಚ್ಚು. ಅವರ ಶ್ವಾಸಕೋಶ ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತಲೇ ಇರುವುದರಿಂದ, ಬೆಳೆಯುವ ಕಾಲದಲ್ಲಿ ಉಂಟಾದ ಕುಂದು ಮುಂದಿನ ಆಯುಷ್ಯದುದ್ದಕ್ಕೂ ಉಳಿಯಬಹುದು. ಇನ್ನೊಂದು ಸರಳವಾದ ಸಂಗತಿಯೂ ಉಂಟು. ತಾಯಿಯ ಕೈಹಿಡಿದು ರಸ್ತೆ ದಾಟಲು ನಿಂತ ಮೂರು ವರ್ಷದ ಮಗುವಿನ ಮೂಗು, ಎದುರಿಗೆ ನಿಂತ ವಾಹನದ ಹೊಗೆಕೊಳವೆಗೆ ತಾಯಿಯ ಮೂಗಿಗಿಂತ ಬಹಳ ಸಮೀಪದಲ್ಲಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೊರಾಂಗಣದ ವಾಯುಮಾಲಿನ್ಯದಿಂದ ಜಗತ್ತಿನಾದ್ಯಂತ ಅಕಾಲಿಕವಾಗಿ ಮರಣಿಸಿದವರ ಸಂಖ್ಯೆ 42 ಲಕ್ಷ. ಆ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯನ್ನು ಬಿಗಿಗೊಳಿಸಿ, ಪಿ.ಎಂ. 2.5 ಕಣಗಳ ವಾರ್ಷಿಕ ಸರಾಸರಿಯು ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಹೇಳಿತು. ನಮ್ಮ ದೇಶದ ಮಾನದಂಡ 40 ಮೈಕ್ರೋಗ್ರಾಂ. ಎಂಟು ಪಟ್ಟು ಸಡಿಲವಾದ ಈ ಮಿತಿಯನ್ನೂ ದಾಟುವ ನಗರಗಳು ನಮ್ಮಲ್ಲಿ ಅನೇಕ.

ಇಂತಹ ಅಂಕಿಗಳನ್ನು ಎಷ್ಟು ಹೇಳಿದರೂ ಅವು ಅಂಕಿಗಳಾಗಿಯೇ ಉಳಿಯುತ್ತವೆ. 42 ಲಕ್ಷ ಜನರಲ್ಲಿ ಒಬ್ಬರ ಹೆಸರೂ ನಮಗೆ ತಿಳಿದಿರುವುದಿಲ್ಲ. ಆದರೆ ಒಂದು ಹೆಸರು ಮಾತ್ರ ದಾಖಲೆಯಲ್ಲಿ ಉಳಿದಿದೆ. ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲಕಿ ಲಂಡನ್ನಿನ ಲೂಯಿಶಮ್ ಭಾಗದಲ್ಲಿ, ಸದಾ ವಾಹನಗಳಿಂದ ತುಂಬಿರುವ ಸೌತ್ ಸರ್ಕ್ಯುಲರ್ ಎಂಬ ಹೆದ್ದಾರಿಯ ಸಮೀಪದಲ್ಲಿ ವಾಸಿಸುತ್ತಿದ್ದಳು. ತೀವ್ರ ಆಸ್ತಮಾದಿಂದ ಸುಮಾರು ಮೂರು ವರ್ಷಗಳಲ್ಲಿ ಮೂವತ್ತರ ಸಮೀಪ ಬಾರಿ ಆಸ್ಪತ್ರೆ ಸೇರಿ, 2013ರ ಫೆಬ್ರವರಿಯಲ್ಲಿ ತನ್ನ ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮಗಳ ಸಾವಿಗೆ ಗಾಳಿಯೂ ಕಾರಣವೆಂದು ತಾಯಿ ರೋಸಮಂಡ್ ವರ್ಷಗಟ್ಟಲೆ ಹೋರಾಡಿದರು. 2020ರ ಡಿಸೆಂಬರಿನಲ್ಲಿ ನಡೆದ ಎರಡನೆಯ ಮರಣ ವಿಚಾರಣೆಯಲ್ಲಿ, ಮಿತಿಮೀರಿದ ವಾಯುಮಾಲಿನ್ಯವು ಈ ಸಾವಿಗೆ ಕಾರಣಗಳಲ್ಲೊಂದು ಎಂದು ಅಧಿಕೃತವಾಗಿ ದಾಖಲಾಯಿತು. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಮರಣಕ್ಕೆ ಗಾಳಿಯನ್ನು ಕಾರಣವೆಂದು ಬರೆದದ್ದು ಅದೇ ಮೊದಲು. ಆ ರಸ್ತೆಯಲ್ಲಿ ಅಷ್ಟು ವರ್ಷ ಕಾರು ಓಡಿಸಿದವರಾರೂ ದುಷ್ಟರಲ್ಲ. ಅವರವರ ಕೆಲಸಕ್ಕೆ ಹೋಗುತ್ತಿದ್ದವರು. ಈ ಸಮಸ್ಯೆ ಬಿಡಿಸಲು ಕಷ್ಟವಾಗಿರುವುದೂ ಅದರಿಂದಲೇ.

ಎಂಜಿನ್ನುಗಳನ್ನು ಸುಧಾರಿಸಿದರೆ ಸಾಲದೆ, ಎಲ್ಲರೂ ವಿದ್ಯುತ್ ಕಾರು ಕೊಂಡರೆ ಸಾಲದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅವೆರಡೂ ಬೇಕಾದುವೇ. ಆದರೆ ಟೈರು, ಬ್ರೇಕು ಮತ್ತು ರಸ್ತೆ ಸವೆದು ಏಳುವ ಕಣಗಳು ವಿದ್ಯುತ್ ಕಾರಿನಿಂದಲೂ ಬರುತ್ತವೆ; ಒಂದೊಂದು ವಾಹನದ ಹೊಗೆ ತಗ್ಗಿದರೂ ವಾಹನಗಳ ಸಂಖ್ಯೆ ಏರುತ್ತಾ ಹೋದರೆ ಗಳಿಸಿದ್ದೆಲ್ಲ ಕರಗಿಹೋಗುತ್ತದೆ. ಆದಕಾರಣ ಕೆಲವು ನಗರಗಳು ಸಂಖ್ಯೆಯನ್ನೇ ಮಿತಗೊಳಿಸಲು ಮುಂದಾದವು. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ನಗರದ ನಡುಭಾಗವನ್ನು ಪ್ರವೇಶಿಸುವ ಕಾರುಗಳಿಗೆ ಶುಲ್ಕ ವಿಧಿಸಿದವು. ಕೆಲವು ನಗರಗಳು ಹಳೆಯ ವಾಹನಗಳನ್ನು ನಿಷೇಧಿಸಿದವು, ಕೆಲವು ಸಮ-ಬೆಸ ಸಂಖ್ಯೆಯ ನಿಯಮ ತಂದವು, ಕೆಲವು ಬೀದಿಗಳನ್ನೇ ಕಾಲ್ನಡಿಗೆಯವರಿಗೆ ಬಿಟ್ಟುಕೊಟ್ಟವು.

ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡ ಊರು. ದ್ವೀಪಗಳನ್ನು ಜೋಡಿಸುವ ಸೇತುವೆಗಳ ಮೇಲೆ ಪ್ರತಿದಿನ ಬೆಳಗ್ಗೆ ಸಂಜೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. 2002ರ ಚುನಾವಣೆಯ ವೇಳೆ ಅಲ್ಲಿಯ ಪ್ರಮುಖ ಪಕ್ಷವು ನಗರದಲ್ಲಿ ಅಂತಹ ಶುಲ್ಕ ತರುವುದಿಲ್ಲವೆಂದು ಮಾತು ಕೊಟ್ಟಿತ್ತು. ಚುನಾವಣೆಯ ನಂತರ ಹಸಿರು ಪಕ್ಷದ ಬೆಂಬಲ ಬೇಕಾಯಿತು. ಬೆಂಬಲದ ಷರತ್ತಾಗಿ ಶುಲ್ಕದ ಪ್ರಯೋಗ ಬಂದಿತು. ಕೊಟ್ಟ ಮಾತಿಗೆ ತಪ್ಪಿ ತಂದ ಯೋಜನೆಯೆಂದು ಜನರು ಸಿಡಿದೆದ್ದುದು ಸಹಜವೇ. ಪತ್ರಿಕೆಗಳು ಪ್ರತಿಕೂಲವಾಗಿ ಬರೆದವು. ಸಮೀಕ್ಷೆಗಳಲ್ಲಿ ಅನುಕೂಲವಾಗಿದ್ದವರು ಮೂರರಲ್ಲೊಬ್ಬರು ಮಾತ್ರ. ಇಂತಹ ಅಶುಭ ಆರಂಭದಿಂದ ಏನಾದರೂ ಒಳಿತಾದೀತೆಂದು ಆಗ ಯಾರೂ ಪಣ ಕಟ್ಟುತ್ತಿರಲಿಲ್ಲ.

ಆದರೆ ಪ್ರಯೋಗವನ್ನು ಏರ್ಪಡಿಸಿದ ಕ್ರಮದಲ್ಲಿ ವಿವೇಕವಿತ್ತು. ಮೊದಲನೆಯದಾಗಿ, ಶುಲ್ಕ ಆರಂಭವಾಗುವ ಮುನ್ನವೇ, 2005ರ ಆಗಸ್ಟಿನಿಂದ, ಸುಮಾರು 200 ಹೊಸ ಬಸ್ಸುಗಳು ಹೊಸ ಮಾರ್ಗಗಳಲ್ಲಿ ಓಡತೊಡಗಿದವು. ಕಾರು ಬಿಡಿ ಎನ್ನುವ ಮೊದಲು ಹತ್ತಲು ಬಸ್ಸು ಕೊಟ್ಟರು. ಎರಡನೆಯದಾಗಿ, ಇದು ಪ್ರಯೋಗ ಮಾತ್ರ, ಮುಗಿದ ಮೇಲೆ ಬೇಕೋ ಬೇಡವೋ ಎಂಬುದನ್ನು ನೀವೇ ಮತ ಹಾಕಿ ತೀರ್ಮಾನಿಸಿ ಎಂದು ಜನರಿಗೆ ತಿಳಿಸಿದರು. 2006ರ ಜನವರಿ 3ರಂದು ಪ್ರಯೋಗ ಪ್ರಾರಂಭವಾಯಿತು. ನಗರದ ಸುತ್ತ 18 ಸ್ಥಳಗಳಲ್ಲಿ ವಾಹನಗಳನ್ನು ಗುರುತಿಸುವ ಉಪಕರಣಗಳಿದ್ದವು. ನಮ್ಮ ಹೆದ್ದಾರಿಗಳಲ್ಲಿ ಫಾಸ್ಟ್‌ಟ್ಯಾಗ್ ಇರುವಂತೆ ಹಣ ಕೊಡಲು ಯಾರೂ ನಿಲ್ಲಬೇಕಾಗಿರಲಿಲ್ಲ. ಹೊತ್ತಿಗೆ ತಕ್ಕಂತೆ ಶುಲ್ಕ 10, 15 ಅಥವಾ 20 ಕ್ರೋನರ್. ದಿನವೊಂದಕ್ಕೆ 60 ಕ್ರೋನರ್ ಮೀರುವಂತಿಲ್ಲ. ರಾತ್ರಿಯಲ್ಲಿ, ಶನಿವಾರ ಭಾನುವಾರಗಳಲ್ಲಿ, ಹಬ್ಬದ ದಿನಗಳಲ್ಲಿ ಶುಲ್ಕವಿರಲಿಲ್ಲ. ಅಲ್ಲಿಯವರ ಸಂಪಾದನೆಗೆ ಹೋಲಿಸಿದರೆ ಇದು ಭಾರಿ ಮೊತ್ತವೇನೂ ಅಲ್ಲ.

ಆದರೂ ಪರಿಣಾಮ ಮೊದಲ ದಿನದಿಂದಲೇ ಕಣ್ಣಿಗೆ ಕಂಡಿತು. ವಲಯದ ಗಡಿಯನ್ನು ದಾಟುವ ವಾಹನಗಳು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಕಡಿಮೆಯಾದವು. ಐದರಲ್ಲಿ ಒಂದು ಕಾರು ಕಡಿಮೆಯಾದರೆ ಕಾಯುವ ಸಮಯ ಐದರಲ್ಲೊಂದು ಪಾಲು ಮಾತ್ರ ತಗ್ಗುತ್ತದೆಂದು ನಾವು ಎಣಿಸುತ್ತೇವೆ, ಹಾಗಲ್ಲ. ತುಂಬಿದ ಕೊಡಕ್ಕೆ ಕೊನೆಯ ಬೊಗಸೆ ನೀರೇ ಹೊರಚೆಲ್ಲುವಂತೆ, ರಸ್ತೆಯ ಸಾಮರ್ಥ್ಯಕ್ಕಿಂತ ಮಿಗಿಲಾದ ಕೊನೆಯ ಕೆಲವು ಕಾರುಗಳೇ ಸಾಲನ್ನು ನಿರ್ಮಿಸುತ್ತವೆ. ಆ ಕೆಲವನ್ನು ತೆಗೆದುದರಿಂದ ಸಾಲಿನಲ್ಲಿ ಕಳೆಯುವ ಸಮಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇಳಿಯಿತು. ನಗರದ ಒಳಭಾಗದಲ್ಲಿ ವಾಹನಗಳ ಹೊಗೆ ನೂರಕ್ಕೆ 10ರಿಂದ 14ರಷ್ಟು ಕಡಿಮೆಯಾಯಿತು. ಜುಲೈ 31ರಂದು ಪ್ರಯೋಗ ಮುಗಿಯಿತು. ಮುಗಿಯುತ್ತಲೇ ಕಾರುಗಳು ಮರಳಿ ಬಂದವು. ವಾಸ್ತವವಾಗಿ ಈ ಹಿಂತಿರುಗುವಿಕೆಯೇ ಜನರಿಗೆ ದೊಡ್ಡ ಪಾಠವಾಗಿರಬೇಕೆಂದು ನಮಗೆ ತೋರುತ್ತದೆ. ಏಳು ತಿಂಗಳು ಸಲೀಸಾಗಿದ್ದ ಸೇತುವೆ ಮತ್ತೆ ಕಿಕ್ಕಿರಿದಾಗ, ಕಳೆದುಕೊಂಡುದರ ಬೆಲೆ ತಿಳಿಯಿತು. ಸೆಪ್ಟೆಂಬರ್ 17ರಂದು ನಡೆದ ಮತದಾನದಲ್ಲಿ ನಗರದ ಮತದಾರರಲ್ಲಿ ನೂರಕ್ಕೆ 53ರಷ್ಟು ಮಂದಿ ಶುಲ್ಕ ಮುಂದುವರಿಯಲೆಂದರು. ಸುತ್ತಲಿನ ಹಲವು ಪಟ್ಟಣಗಳು ಬೇಡವೆಂದವು ಎಂಬುದನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಅದೇ ದಿನ ನಡೆದ ಮಹಾಚುನಾವಣೆಯಲ್ಲಿ ಸರಕಾರವೂ ಬದಲಾಯಿತು. ಹೊಸ ಸರಕಾರದ ಪಕ್ಷಗಳು ಶುಲ್ಕವನ್ನು ವಿರೋಧಿಸಿದ್ದವು. ಆದರೂ ನಗರದ ಜನರ ತೀರ್ಪನ್ನು ಮನ್ನಿಸಿ, ಹಣವನ್ನು ರಸ್ತೆಗಳ ನಿರ್ಮಾಣಕ್ಕೆ ಬಳಸುವುದಾಗಿ ಹೇಳಿ, 2007ರ ಆಗಸ್ಟ್ 1ರಿಂದ ಅದನ್ನು ಕಾಯಂಗೊಳಿಸಿದವು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಬೆಂಬಲ ನೂರಕ್ಕೆ ಎಪ್ಪತ್ತರ ಸಮೀಪಕ್ಕೆ ಏರಿತು.

ಈ ಬದಲಾವಣೆಯನ್ನು ಹತ್ತಿರದಿಂದ ಅಭ್ಯಸಿಸಿದ ಸಾರಿಗೆ ವಿಜ್ಞಾನಿ ಯೋನಾಸ್ ಎಲಿಯಾಸನ್ ಅವರು ಒಂದು ಸ್ವಾರಸ್ಯಕರ ಸಂಗತಿಯನ್ನು ತಿಳಿಸಿದ್ದಾರೆ. ಮನಸ್ಸು ಬದಲಿಸಿದವರನ್ನು, ನೀವು ಮೊದಲು ಏನೆನ್ನುತ್ತಿದ್ದಿರಿ ಎಂದು ಕೇಳಿದರೆ, ಅವರಲ್ಲಿ ಬಹುಮಂದಿ ತಾವು ಮೊದಲಿನಿಂದಲೂ ಬೆಂಬಲಿಸುತ್ತಲೇ ಇದ್ದೆವೆಂದು ನಂಬಿದ್ದರಂತೆ! ಕಾರನ್ನು ಬಿಟ್ಟು ಬಸ್ಸು ಹಿಡಿದವರಲ್ಲಿಯೂ ಅನೇಕರಿಗೆ ತಮ್ಮ ರೂಢಿ ಬದಲಾಗಿರುವುದು ಅರಿವಿಗೇ ಬಂದಿರಲಿಲ್ಲ. ಇದನ್ನು ಓದಿ ನಗುವುದು ಸುಲಭ. ಹೊಸ ಪಥ್ಯವನ್ನು ಮೊದಲ ವಾರ ಶಪಿಸಿ, ಆರು ತಿಂಗಳ ಮೇಲೆ, ತಮಗೆ ಸಕ್ಕರೆಯಿಲ್ಲದ ಚಹವೇ ಮೊದಲಿನಿಂದ ಇಷ್ಟ ಎನ್ನುವವರು ನಮ್ಮ ನಿಮ್ಮ ಮನೆಗಳಲ್ಲಿಯೂ ಇದ್ದಾರಷ್ಟೆ.

ಇನ್ನು ಮಕ್ಕಳ ವಿಚಾರ. ಅರ್ಥಶಾಸ್ತ್ರಜ್ಞೆ ಜಾನೆಟ್ ಕರಿ ಮತ್ತು ಅವರ ಸಹೋದ್ಯೋಗಿಗಳು ಸ್ಟಾಕ್‌ಹೋಮಿನ ಆಸ್ಪತ್ರೆಗಳ ದಾಖಲೆಗಳನ್ನೂ ಗಾಳಿಯ ಅಳತೆಗಳನ್ನೂ ಕೂಡಿಸಿ ಪರಿಶೀಲಿಸಿದರು. ಶುಲ್ಕದಿಂದಾಗಿ ಗಾಳಿಯ ಮಾಲಿನ್ಯ ನೂರಕ್ಕೆ 5ರಿಂದ 15ರಷ್ಟು ಕಡಿಮೆಯಾಗಿತ್ತು. ಎಳೆಯ ಮಕ್ಕಳಲ್ಲಿ ತೀವ್ರ ಆಸ್ತಮಾ ಆಘಾತಗಳು ಗಣನೀಯವಾಗಿ ತಗ್ಗಿದ್ದವು. ಸ್ಟಾಕ್‌ಹೋಮಿನ ಗಾಳಿ ನಮ್ಮ ನಗರಗಳಿಗೆ ಹೋಲಿಸಿದರೆ ಮೊದಲೇ ಶುದ್ಧವಾಗಿತ್ತೆಂಬುದನ್ನು ಗಮನಿಸಬೇಕು. ಶುದ್ಧವೆನಿಸಿದ ಗಾಳಿಯನ್ನು ಇನ್ನಷ್ಟು ಶುದ್ಧಗೊಳಿಸಿದರೂ ಮಕ್ಕಳಿಗೆ ಲಾಭವಾಯಿತು. ಆ ಅಧ್ಯಯನದ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಗಾಳಿ ಬೇಗನೆ ಸುಧಾರಿಸಿತು, ಮಕ್ಕಳ ಆರೋಗ್ಯ ಮಾತ್ರ ನಿಧಾನವಾಗಿ, ಕಾಲಕ್ರಮದಲ್ಲಿ ಸುಧಾರಿಸಿತು. ಕೆರಳಿದ ಶ್ವಾಸನಾಳ ಮಾಯಲು ಸಮಯ ಬೇಕು.

ಇಲ್ಲಿಯೇ ಜನರ ಒಪ್ಪಿಗೆಯ ಗಂಟು ಇದೆಯೆಂದು ನಾವು ಭಾವಿಸುತ್ತೇವೆ. ಶುಲ್ಕದ ಕಷ್ಟ ಮೊದಲ ದಿನವೇ ಬರುತ್ತದೆ, ತೆರುವವನಿಗೆ ಪ್ರತ್ಯಕ್ಷವಾಗಿ ಕಾಣುತ್ತದೆ. ಆರೋಗ್ಯದ ಲಾಭ ವರ್ಷಗಳ ಮೇಲೆ ಬರುತ್ತದೆ, ಅದೂ ಬೇರೆ ಯಾರದೋ ಮನೆಯ ಮಗುವಿಗೆ. ಆಸ್ತಮಾ ಬಾರದೆ ಹೋದ ಮಗುವಿನ ತಾಯಿಗೆ, ತನ್ನ ಮಗು ಪಾರಾಯಿತೆಂಬುದೇ ತಿಳಿಯುವುದಿಲ್ಲ. ಸಿಡುಬಿನ ಲಸಿಕೆಗೂ ಶುದ್ಧ ಕುಡಿಯುವ ನೀರಿಗೂ ಇದೇ ಗತಿಯಾಗಿತ್ತು. ಬಾರದ ರೋಗಕ್ಕೆ ಕೃತಜ್ಞತೆ ಸಲ್ಲಿಸುವವರು ವಿರಳ. ಆದುದರಿಂದ ನಿರ್ಬಂಧ ಬರುವ ಮುನ್ನ ಅಭಿಪ್ರಾಯ ಕೇಳಿದರೆ ಬೇಡವೆಂಬ ಉತ್ತರವೇ ಬರುವ ಸಂಭವ ಹೆಚ್ಚು. ಎಡಿನ್‌ಬರೋ ನಗರದಲ್ಲಿ 2005ರಲ್ಲಿ ಹೀಗೆ ಮೊದಲೇ ಮತ ಕೇಳಿದಾಗ ನೂರಕ್ಕೆ 74ರಷ್ಟು ಮಂದಿ ತಿರಸ್ಕರಿಸಿದರು. ಮ್ಯಾಂಚೆಸ್ಟರ್ ಪ್ರದೇಶದಲ್ಲಿ 2008ರಲ್ಲಿ ಸುಮಾರು 79ರಷ್ಟು ಮಂದಿ ಬೇಡವೆಂದರು. ಇಟಲಿಯ ಮಿಲಾನಿನಲ್ಲಿ 2008ರಲ್ಲಿ ಶುಲ್ಕವನ್ನು ಮೊದಲು ಜಾರಿಗೆ ತಂದು, ಮೂರು ವರ್ಷ ಅನುಭವಿಸಿದ ಮೇಲೆ 2011ರಲ್ಲಿ ಮತ ಕೇಳಿದರು. ಅಲ್ಲಿಯೂ ನೂರಕ್ಕೆ ಸುಮಾರು 79. ಆದರೆ ಬೇಕೆಂದವರು!

ಹಾಗೆಂದು ಮೊದಲು ಹೇರಿ, ಆಮೇಲೆ ಜನ ತಾವಾಗಿಯೇ ಒಪ್ಪುತ್ತಾರೆ ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ಸರಿಯಲ್ಲ. ಸ್ವೀಡನ್ನಿನದೇ ಎರಡನೆಯ ದೊಡ್ಡ ನಗರವಾದ ಯೋತೆಬೊರಿಯಲ್ಲಿ 2013ರ ಜನವರಿಯಲ್ಲಿ ಶುಲ್ಕ ಬಂದಿತು. ಮರುವರ್ಷ ನಡೆದ ಮತದಾನದಲ್ಲಿ ನೂರಕ್ಕೆ 57ರಷ್ಟು ಜನ ಬೇಡವೆಂದರು. ಅಲ್ಲಿ ಕಾರನ್ನೇ ನೆಚ್ಚಿಕೊಂಡವರು ಹೆಚ್ಚು; ಬಸ್ಸು ರೈಲುಗಳ ಸೌಕರ್ಯ ರಾಜಧಾನಿಯಷ್ಟಿರಲಿಲ್ಲ; ಶುಲ್ಕದ ಹಣ ಅನೇಕರಿಗೆ ಬೇಡವಾದ ರೈಲು ಸುರಂಗವೊಂದಕ್ಕೆ ಹೋಗುತ್ತದೆಂಬ ಅಸಮಾಧಾನವೂ ಇತ್ತು. ಮತ ವಿರುದ್ಧವಾಗಿದ್ದರೂ ಅಲ್ಲಿಯ ಆಡಳಿತ ಶುಲ್ಕವನ್ನು ಉಳಿಸಿಕೊಂಡಿತು. ಮತ ಕೇಳಿ ಅದನ್ನು ಬದಿಗಿಡುವುದಾದರೆ ಕೇಳಬಾರದಿತ್ತೆಂಬುದು ನಮ್ಮ ಅಭಿಪ್ರಾಯ.

ನ್ಯಾಯದ ಪ್ರಶ್ನೆಯನ್ನು ಅಲಕ್ಷಿಸುವುದೂ ಸಲ್ಲದು. ಲಂಡನ್ನಿನಲ್ಲಿ 2019ರಿಂದ, ಹೊಗೆಯ ಮಾನದಂಡ ಮೀರುವ ಹಳೆಯ ವಾಹನಗಳು ದಿನಕ್ಕೆ 12.50 ಪೌಂಡ್ ತೆರಬೇಕಾದ ವಲಯವೊಂದನ್ನು ಸ್ಥಾಪಿಸಿ, 2023ರ ಆಗಸ್ಟಿನಲ್ಲಿ ಅದನ್ನು ಇಡೀ ಮಹಾನಗರಕ್ಕೆ ವಿಸ್ತರಿಸಿದರು. ಹಳೆಯ ವಾಹನವಿರುವವರು ಸಾಮಾನ್ಯವಾಗಿ ಹೊಸದನ್ನು ಕೊಳ್ಳಲಾರದವರು: ನಲ್ಲಿ ರಿಪೇರಿಯವರು, ರಾತ್ರಿ ಪಾಳಿಯ ದಾದಿಯರು, ಸಣ್ಣ ವ್ಯಾಪಾರಿಗಳು. ವಿಸ್ತರಣೆಗೆ ಮುನ್ನ ಜುಲೈ ತಿಂಗಳಲ್ಲಿ ನಗರದಂಚಿನ ಕ್ಷೇತ್ರವೊಂದರ ಉಪಚುನಾವಣೆಯಲ್ಲಿ, ಮೇಯರ್ ಸಾದಿಕ್ ಖಾನ್ ಅವರ ಪಕ್ಷ ಐನೂರಕ್ಕೂ ಕಡಿಮೆ ಮತಗಳ ಅಂತರದಿಂದ ಸೋತಾಗ, ಈ ಶುಲ್ಕವೇ ಕಾರಣವೆಂದು ಬಹುಮಂದಿ ಹೇಳಿದರು. ಬಳಿಕ ಹಳೆಯ ವಾಹನವನ್ನು ಗುಜರಿಗೆ ಹಾಕುವವರಿಗೆ ಕೊಡುವ ಸಹಾಯಧನವನ್ನು ಲಂಡನ್ನಿನ ಎಲ್ಲ ನಿವಾಸಿಗಳಿಗೂ ತೆರೆಯಲಾಯಿತು. 2024ರ ಮೇ ತಿಂಗಳಲ್ಲಿ ಅದೇ ಮೇಯರ್ ಮೂರನೆಯ ಬಾರಿ ಆಯ್ಕೆಯಾದರು. ಸಹಾಯ ಮೊದಲು, ದಂಡ ಅನಂತರ ಎಂಬ ಕ್ರಮವನ್ನು ಆರಂಭದಲ್ಲಿಯೇ ಪಾಲಿಸಿದ್ದರೆ ಅಷ್ಟು ಕಹಿ ಬೇಕಾಗುತ್ತಿರಲಿಲ್ಲ.

ನಿರ್ಬಂಧದ ರೂಪ ಕೆಟ್ಟದಾದರೆ ಒಪ್ಪಿಗೆಯೂ ಇಲ್ಲ, ಆರೋಗ್ಯವೂ ಇಲ್ಲ. ಮೆಕ್ಸಿಕೋ ನಗರದಲ್ಲಿ 1989ರಲ್ಲಿ, ವಾರಕ್ಕೊಂದು ದಿನ ಪ್ರತಿಯೊಂದು ಕಾರೂ ಮನೆಯಲ್ಲಿರಬೇಕೆಂದು ನಿಯಮ ಮಾಡಿದರು. ಆ ಒಂದು ದಿನಕ್ಕಾಗಿ ಎಷ್ಟೋ ಮಂದಿ ಎರಡನೆಯ ಕಾರನ್ನು ಕೊಂಡರು. ಹಾಗೆ ಕೊಂಡವುಗಳಲ್ಲಿ ಹಳೆಯವೂ ಹೆಚ್ಚು ಹೊಗೆಯುಗುಳುವವೂ ಅನೇಕ. ಗಾಳಿ ಸುಧಾರಿಸಿದ ಕುರುಹು ಮುಂದಿನ ಅಧ್ಯಯನದಲ್ಲಿ ದೊರೆಯಲಿಲ್ಲ. ದೆಹಲಿಯಲ್ಲಿ 2016ರ ಜನವರಿ 1ರಿಂದ 15ರವರೆಗೆ ಸಮ-ಬೆಸ ನಿಯಮ ಬಂದಾಗ ಜನರು ಉತ್ಸಾಹದಿಂದಲೇ ಸಹಕರಿಸಿದರು. ಶಾಲೆಗಳಿಗೆ ರಜೆ ಇದ್ದುದರಿಂದ ಶಾಲಾ ಬಸ್ಸುಗಳೂ ಸೇವೆಗೆ ದೊರೆತವು. ಆದರೆ ದ್ವಿಚಕ್ರ ವಾಹನಗಳಿಗೆ ವಿನಾಯಿತಿಯಿತ್ತು, ಮತ್ತು ಚಳಿಗಾಲದ ದೆಹಲಿಯ ಹೊಗೆಗೆ ಕಾರುಗಳಲ್ಲದೆ ಬೇರೆ ಮೂಲಗಳೂ ಹಲವಿದ್ದವು. ಹದಿನೈದು ದಿನಗಳ ಉಪವಾಸದಿಂದ ದೀರ್ಘಕಾಲದ ರೋಗ ಗುಣವಾಗದು.

ನಮ್ಮ ನಾಡಿಗೆ ಬಂದರೆ ಚಿತ್ರ ಕೊಂಚ ಬೇರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಕಾರು ಹೊಂದಿರುವ ಕುಟುಂಬಗಳು ನೂರಕ್ಕೆ ಎಂಟನ್ನೂ ಮುಟ್ಟುವುದಿಲ್ಲ. ಎಂದರೆ ಹೊಗೆ ಬಿಡುವವರು ಕೆಲವರು, ಸೇವಿಸುವವರು ಎಲ್ಲರೂ: ಬಸ್ ನಿಲ್ದಾಣದಲ್ಲಿ ನಿಂತವರು, ಹೂ ಮಾರುವವರು, ಚೌಕದಲ್ಲಿ ಎಂಟು ತಾಸು ನಿಲ್ಲುವ ಸಂಚಾರ ಪೊಲೀಸರು. ಜನರ ವಿರೋಧ ಎಂದು ನಾವು ಹೇಳುವಾಗ ಯಾವ ಜನರ ಮಾತು ಕೇಳಿಸುತ್ತಿದೆ ಎಂದು ಯೋಚಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ದಾಟಿವೆ. ಅದೇ ನಗರದ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ವಾರಾಂತ್ಯಗಳಲ್ಲಿ ವಾಹನಗಳನ್ನು ನಿಲ್ಲಿಸಿ, ಬೀದಿಯನ್ನು ನಡೆಯುವವರಿಗೆ ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯವರು ಅದರ ಪರಿಣಾಮವನ್ನು ಅಭ್ಯಸಿಸಿದರು. ಒಂದು ಬೀದಿ, ಕೆಲವು ವಾರಾಂತ್ಯಗಳು. ಆದರೂ ನಿರ್ದಿಷ್ಟ ಅವಧಿ, ಅಳತೆ, ಅನುಭವ ಎಂಬ ಸ್ಟಾಕ್‌ಹೋಮಿನ ದಾರಿಗೆ ಅದು ಹತ್ತಿರವಾಗಿತ್ತು. ಬಸ್ಸಿಗೆ ಅರ್ಧ ಗಂಟೆ ಕಾಯಬೇಕಾದ ಬಡಾವಣೆಯವರಿಗೆ ಕಾರು ಬಿಡಿ ಎಂದರೆ ಅವರು ಒಪ್ಪಲಾರರು, ಒಪ್ಪಬೇಕೆಂದು ನಾವೂ ಹೇಳಲಾರೆವು.

ನಿಯಮ ಬರುವವರೆಗೆ ದೇಹವನ್ನು ಕಾಪಾಡಿಕೊಳ್ಳಲು ಮಾಡಬಹುದಾದುವು ಕೆಲವು ಉಂಟು. ಬೆಳಗಿನ ನಡಿಗೆಯನ್ನು ಹೆದ್ದಾರಿಯ ಬದಿಯಲ್ಲಿ ಮಾಡುವವರು ನೂರಿನ್ನೂರು ಮೀಟರ್ ಒಳಗಿನ ಬೀದಿಗೆ ಸರಿದರೂ ಸೇವಿಸುವ ಹೊಗೆ ಸಾಕಷ್ಟು ತಗ್ಗುತ್ತದೆ. ಚಳಿಗಾಲದ ಮುಂಜಾವಿನಲ್ಲಿ ತಣ್ಣನೆಯ ಗಾಳಿ ಹೊಗೆಯನ್ನು ನೆಲಮಟ್ಟದಲ್ಲಿಯೇ ಹಿಡಿದಿಡುವುದರಿಂದ, ಶ್ವಾಸದ ತೊಂದರೆಯಿರುವ ಹಿರಿಯರು ಬಿಸಿಲೇರಿದ ಮೇಲೆ ಹೊರಡುವುದು ಒಳ್ಳೆಯದು. ಗಾಜೇರಿಸಿದ ಕಾರಿನೊಳಗೆ ತಾವು ಸುರಕ್ಷಿತರೆಂದು ಹಲವರು ತಿಳಿದಿರುತ್ತಾರೆ. ಮುಂದಿನ ವಾಹನದ ಹೊಗೆ ಗಾಳಿಕಿಂಡಿಯ ಮೂಲಕ ಒಳಗೆ ಬರುತ್ತಲೇ ಇರುತ್ತದೆ. ಬಟ್ಟೆಯ ಮುಖಗವಸು ಈ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಎನ್-95 ಮಾದರಿಯದು, ಮುಖಕ್ಕೆ ಸರಿಯಾಗಿ ಕೂತರೆ, ತಡೆಯುತ್ತದೆ. ಶಾಲೆಯ ಬಾಗಿಲಲ್ಲಿ, ಆಸ್ಪತ್ರೆಯೆದುರು, ಜಾತ್ರೆ ಉತ್ಸವಗಳ ವಾಹನ ನಿಲುಗಡೆಯಲ್ಲಿ ಕಾಯುವಾಗ ಎಂಜಿನ್ ಆರಿಸುವುದಕ್ಕೆ ಯಾವ ಕಾನೂನೂ ಬೇಕಿಲ್ಲ. ಆಸ್ತಮಾ ಇರುವ ಮಕ್ಕಳ ಇನ್‌ಹೇಲರನ್ನು, ಉಸಿರು ಸರಾಗವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ತಡೆಗಟ್ಟುವ ಔಷಧಿಯ ಗುಣ ಕಾಣುವುದೂ ನಿಧಾನವಾಗಿಯೇ, ಬಿಟ್ಟಾಗ ರೋಗ ಮರಳುವುದು ಮಾತ್ರ ಅನಿರೀಕ್ಷಿತವಾಗಿ.